ಪೂರ್ವದ ಗೋಡೆಯ ಬಾಗಿಲು

ನಾನು ಬಡಗಿ. ಹೆಸರು ನೆಹೆಮೀಯ, ಊರಿನವರ ಬಾಯಲ್ಲಿ ನೆಮ್ಯಣ್ಣ. ಮೂವತ್ತೆರಡು ವರ್ಷದಿಂದ ಈ ಊರಿನಲ್ಲಿ ನಾನು ಹೆಚ್ಚಾಗಿ ಮಾಡಿದ ಕೆಲಸವೆಂದರೆ ಜರುಗಿದ ಬಾಗಿಲುಗಳನ್ನು ಮತ್ತೆ ಕೂರಿಸುವುದು. ನಮ್ಮೂರಿನಲ್ಲಿ ಯಾರಾದರೂ ಒಳಗಿನಿಂದ ನಿಜವಾಗಿ ತಿರುಗಿಕೊಂಡರೆ, ಅಂದರೆ ಮನಸ್ಸು ಬದಲಾಗಿ ದೇವರ ದಾರಿಗೆ ಬಂದರೆ, ಬೆಳಗಾಗುವಷ್ಟರಲ್ಲಿ ಅವರ ಮನೆಯ ಬಾಗಿಲಿನ ಜಾಗ ಬೇರೊಂದು ಗೋಡೆಗೆ ಹೋಗಿರುತ್ತದೆ. ಹಳೆಯ ಜಾಗದಲ್ಲಿ ಗಟ್ಟಿ ಗೋಡೆ, ಹೊಸ ಜಾಗದಲ್ಲಿ ಆಳೆತ್ತರದ ಕಂಡಿ. ಚೌಕಟ್ಟು, ಕದ, ಚಿಲಕ ಮಾತ್ರ ಅಂಗಳದಲ್ಲಿ ಬಿದ್ದಿರುತ್ತವೆ. ಮನೆಯವರು ಹಲ್ಲುಜ್ಜುವ ಮೊದಲು ನನ್ನನ್ನು ಕರೆಯಲು ಓಡಿ ಬರುತ್ತಾರೆ, ಏಕೆಂದರೆ ನಾಯಿ ಒಳಗೆ ನುಗ್ಗುತ್ತದಲ್ಲ.

ಅದಕ್ಕೇ ಇಲ್ಲಿ ಯಾರೂ ಬೀರುವನ್ನು ಗೋಡೆಗೆ ಒತ್ತಿ ಇಡುವುದಿಲ್ಲ, ಒಂದು ಮೊಳ ಬಿಟ್ಟೇ ಇಡುತ್ತಾರೆ. ಅಂಚೆಯವನು ಮನೆ ಹುಡುಕುವ ಗೋಜಿಗೆ ಹೋಗದೆ ಓಣಿಯ ತುದಿಯಲ್ಲಿ ನಿಂತು ಹೆಸರು ಕೂಗುತ್ತಾನೆ. ಹೊಸ ಸೊಸೆ ಬಂದರೆ ಅತ್ತೆ ಮೊದಲು, "ನೋಡವಾ, ಇವತ್ತಿಗೆ ಬಾಗಲಾ ಇಲ್ಲೈತಿ" ಎಂದು ತೋರಿಸುತ್ತಾಳೆ. ಕೆರೆ ಓಣಿಯ ಟೀಚರಮ್ಮನ ಬಾಗಿಲು ನೀರಿನ ಕಡೆಗೇ ಬಂದುಬಿಟ್ಟಿತು. ಪಾಪ, ಎರಡು ಹಲಗೆ ಹಾಕಿಸಿಕೊಂಡು ಸೀರೆ ಎತ್ತಿ ಹಿಡಿದು ಓಡಾಡುತ್ತಾಳೆ. ದೆಬೋರಮ್ಮನದು ನಾಲ್ಕು ಸಲ ಜರುಗಿತು. ಮೂರನೆಯ ಸಲದವರೆಗೆ ಚರ್ಚಿನ ಸಭೆಯವರು ಕೈಕುಲುಕಿದರು, ನಾಲ್ಕನೆಯ ಸಲ ಸುಮ್ಮನೆ ಕೆಮ್ಮಿದರು. ಗಂಡ ಹೆಂಡತಿ ಇರುವ ಮನೆಯಲ್ಲಿ ಬಾಗಿಲು ಜರುಗಿದರಂತೂ ತಿರುಗಿದ್ದು ಯಾರು ಎಂದು ಜಗಳ ಖಾತ್ರಿ. ನಮ್ಮ ಸಭೆಯ ಕಟ್ಟಳೆ ಇಷ್ಟು: ಬಾಗಿಲು ಜರುಗಿದವರು ಮುಂದಿನ ಭಾನುವಾರ ಎಲ್ಲರ ಎದುರು ನಿಂತು ಸಾಕ್ಷಿ ಹೇಳಬೇಕು, ಆಮೇಲೆ ಪಾದ್ರಿ ಅಯ್ಯನವರು ಬಂದು ಹೊಸ ಹೊಸ್ತಿಲಿನಲ್ಲಿ ಬೈಬಲಿನ ಒಂದು ಕೀರ್ತನೆ ಓದುತ್ತಾರೆ.

ಊರಿನ ಬಾಗಿಲುಗಳನ್ನೆಲ್ಲ ಕೂರಿಸಿದ ನನ್ನ ಮನೆಯ ಬಾಗಿಲು ಮಾತ್ರ ಉತ್ತರದ ಗೋಡೆ ಬಿಟ್ಟು ಅಲುಗಿರಲಿಲ್ಲ. ನನ್ನ ಮದುವೆಯಾದಾಗ ಎಲ್ಲಿತ್ತೋ ಅಲ್ಲೇ. ಕಾರಣ ನನಗೆ ಗೊತ್ತಿತ್ತು, ಊರಿಗೂ ಗೊತ್ತಿತ್ತು. ನನ್ನ ತಮ್ಮ ಸೀಲಾಸನ ಜೊತೆ ನಾನು ಮಾತು ಬಿಟ್ಟಿದ್ದೆ.

ಸೀಲಾಸ ಗಡಿಯಾರ ರಿಪೇರಿ ಮಾಡುವವನು, ನನಗಿಂತ ನಾಲ್ಕು ವರ್ಷ ಚಿಕ್ಕವನು. ನಮ್ಮಪ್ಪ ಕೊನೆಗಾಲದಲ್ಲಿ ಅವನ ಮನೆಯಲ್ಲಿದ್ದರು. ಆಗ ನಾನು ಪಕ್ಕದ ಹಳ್ಳಿಯಲ್ಲಿ ಒಂದು ಶಾಲೆಯ ಚಾವಣಿ ಕಟ್ಟುತ್ತಿದ್ದೆ, ನಡೆದರೆ ಮೂರು ತಾಸಿನ ದಾರಿ. ಅಪ್ಪ ಎರಡು ದಿನ ನರಳಿ ಪ್ರಾಣ ಬಿಟ್ಟರು. ಸುದ್ದಿ ನನಗೆ ಮೂರನೆಯ ದಿನ ಮುಟ್ಟಿತು. ಉಳಿ ಬಿಸಾಕಿ ಓಡಿ ಬಂದರೆ ಸಮಾಧಿಗೆ ಮಣ್ಣು ಮುಚ್ಚಿಯಾಗಿತ್ತು. ಹಿರಿಮಗ ನಾನು, ನನ್ನ ಒಂದು ಹಿಡಿ ಮಣ್ಣು ಅದರಲ್ಲಿ ಇರಲಿಲ್ಲ. ಯಾಕೆ ಹೇಳಿ ಕಳಿಸಲಿಲ್ಲ ಎಂದು ಕೇಳಿದ್ದಕ್ಕೆ ಸೀಲಾಸ ತಲೆ ತಗ್ಗಿಸಿ, "ಅಪ್ಪನs ಬ್ಯಾಡ ಅಂದ. ಆಂವ ಕೆಲಸ ಬಿಟ್ಟು ಬರೂದು ಬ್ಯಾಡ ಅಂದ" ಎಂದ. ಅದು ನಿಜವಾಗಿದ್ದರೆ ಅಪ್ಪನಿಗೆ ನಾನು ಬೇಕಿರಲಿಲ್ಲ. ಸುಳ್ಳಾಗಿದ್ದರೆ ತಮ್ಮ ನನಗೆ ಮಹಾ ಮೋಸ ಮಾಡಿದ್ದ. ಎರಡರಲ್ಲಿ ಯಾವುದನ್ನೂ ನುಂಗಲಾರದೆ ಹನ್ನೊಂದು ವರ್ಷ ಅವನ ಮುಖ ನೋಡಲಿಲ್ಲ.

ಹೋದ ವರ್ಷ ಈಸ್ಟರ್ ಆದ ಮೇಲೆ ನನ್ನ ಹೆಂಡತಿ ತಬೀಥಾ ತಂಗಿಯ ಬಾಣಂತನಕ್ಕೆ ತವರಿಗೆ ಹೋದಳು. ಹೋಗುವ ಮುಂಚೆ ಬಸ್ಸಿನ ಹತ್ತಿರ ನಿಂತು ಒಂದು ಮಾತು ಅಂದಳು: "ಅಲ್ಲಿ ಎಲ್ಲಾರೂ ಕೇಳ್ತಾರ್ರೀ, ನಿಮ್ಮ ಬಾಗಲಾ ಇನ್ನೂ ಅಲ್ಲೇ ಐತೇನು ಅಂತ. ನಾ ಏನ್ ಹೇಳ್ಲಿ?" ಬೈದಿದ್ದರೆ ಸಹಿಸುತ್ತಿದ್ದೆ. ಅವಳು ನಾಚಿಕೊಂಡು ಕೇಳಿದಳು. ನನಗೆ ಮೈಯೆಲ್ಲ ಉರಿಯಿತು.

ಮನೆಗೆ ಬಂದವನೇ ಉಳಿ, ಸುತ್ತಿಗೆ, ಹಾರೆ ತೆಗೆದುಕೊಂಡು ಪೂರ್ವದ ಗೋಡೆಗೆ ಕೈ ಹಾಕಿದೆ. ಹಾಡಹಗಲಲ್ಲೇ. ಬಡಗಿಯ ಮನೆಯಲ್ಲಿ ಸುತ್ತಿಗೆ ಸದ್ದಾದರೆ ಯಾರು ತಿರುಗಿ ನೋಡುತ್ತಾರೆ? ಎರಡೂ ಗೋಡೆಗೆ ಮರದ ಹಲಗೆ ಒರಗಿಸಿ ಬೀದಿಗೆ ಕಾಣದ ಹಾಗೆ ಮರೆ ಮಾಡಿಕೊಂಡೆ. ಒಂಬತ್ತು ದಿನ ಹಿಡಿಯಿತು. ಪೂರ್ವದಲ್ಲಿ ಕಂಡಿ ಒಡೆದೆ, ಆ ಕಲ್ಲುಗಳಿಂದಲೇ ಉತ್ತರದ ಜಾಗ ತುಂಬಿದೆ, ಹಳೆಯ ಗಾರೆಯನ್ನು ಪುಡಿ ಮಾಡಿ ಸುಣ್ಣದಲ್ಲಿ ಕಲೆಸಿ ಮೆತ್ತಿದೆ. ಜರುಗಿದ ಬಾಗಿಲಿನ ಹಳೆಯ ಜಾಗ ಹೇಗಿರುತ್ತದೆ ಎಂದು ನನ್ನಷ್ಟು ಬಲ್ಲವರು ಊರಿನಲ್ಲಿ ಇಲ್ಲ. ಅಲ್ಲಿ ಬಾಗಿಲು ಎಂದೂ ಇರಲೇ ಇಲ್ಲವೇನೋ ಅನ್ನುವ ಹಾಗೆ ದೀಪದ ಮಸಿ ಸಹ ಹಿಡಿದಿರುತ್ತದೆ. ನಾನು ಮಸಿಯನ್ನೂ ಹಿಡಿಸಿದೆ. ಹತ್ತನೆಯ ದಿನ ಬೆಳಿಗ್ಗೆ ಹಲಗೆ ತೆಗೆದು, ಚೌಕಟ್ಟನ್ನು ಅಂಗಳದಲ್ಲಿ ಕೆಡವಿ, ಬೆರಗಾದವನ ಹಾಗೆ ಬಾಯಿ ತೆರೆದು ನಿಂತುಕೊಂಡೆ. ಹಾಲಿನವಳು ನೋಡಿ ಕೂಗಿಕೊಂಡಳು. ಅರ್ಧ ತಾಸಿನಲ್ಲಿ ಅರ್ಧ ಊರು ಸೇರಿತು. ಅಯ್ಯೋ, ಆ ಜನರ ಸಂತೋಷ! ನನಗೆ ಒಳಗೊಳಗೇ ನಗು ಬಂತು.

ಭಾನುವಾರ ಸಾಕ್ಷಿ ಹೇಳಲು ನಿಂತೆ. ತಮ್ಮನ ಮನೆ ಇರುವ ದಿಕ್ಕಿಗೇ ದೇವರು ನನಗೆ ಬಾಗಿಲು ತೆರೆದರು, ನಾನು ಸೀಲಾಸನನ್ನು ಪೂರ್ಣ ಮನಸ್ಸಿನಿಂದ ಕ್ಷಮಿಸಿದ್ದೇನೆ ಎಂದೆ. ಬರೆದುಕೊಂಡು ಬಾಯಿಪಾಠ ಮಾಡಿದ ಮಾತು. ಹೇಳುತ್ತ ಹೇಳುತ್ತ ನನಗೆ ಅಳು ಬಂತು. ಅದನ್ನು ನಾನು ಬರೆದುಕೊಂಡಿರಲಿಲ್ಲ. ಅಳು ಎಲ್ಲಿಂದ ಬಂತು ಎಂದು ಇವತ್ತಿಗೂ ತಿಳಿದಿಲ್ಲ. ಹಿಂದಿನ ಬೆಂಚಿನಿಂದ ಸೀಲಾಸ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡ. ಏನೋ ಹೇಳಲು ಬಾಯಿ ತೆರೆದವನು ಮತ್ತೆ ಮುಚ್ಚಿಕೊಂಡ.

ಸುಳ್ಳು ಹೇಳಿದ ಮೇಲೆ ಅದಕ್ಕೆ ತಕ್ಕ ಹಾಗೆ ನಡೆಯಬೇಕಲ್ಲ. ಪ್ರತಿ ಭಾನುವಾರ ಆರಾಧನೆ ಮುಗಿದ ಕೂಡಲೇ ಎಲ್ಲರಿಗೂ ಕಾಣುವ ಹಾಗೆ ಸೀಲಾಸನ ಮನೆಗೆ ಹೋಗತೊಡಗಿದೆ. ಅವನ ಹೆಂಡತಿ ಯೂನಿಕೆ ಊಟ ಬಡಿಸುತ್ತಿದ್ದಳು. ಮೊದಮೊದಲು ತುತ್ತು ಎಣಿಸಿಕೊಂಡು ಉಣ್ಣುತ್ತಿದ್ದೆ, ಮುಗಿದರೆ ಸಾಕು ಎದ್ದು ಹೋಗೋಣ ಎಂದು. ಆಮೇಲೆ ಊಟವಾದ ನಂತರ ಚೌಕಾಬಾರ ಆಡುವುದು ಶುರುವಾಯಿತು. ಸೀಲಾಸ ಕವಡೆ ಹಾಕುವಾಗ ಬೆರಳು ತಿರುಚಿ ಮೋಸ ಮಾಡುತ್ತಾನೆ, ಚಿಕ್ಕಂದಿನಿಂದಲೂ ಹಾಗೇ. "ಏ ಕಳ್ಳಾ, ತಿರುಗಿ ಹಾಕು" ಎಂದು ನಾನು ಕೈ ಹಿಡಿದರೆ ಅವನು ಎಳೆಯ ಮಗುವಿನ ಹಾಗೆ ನಗುತ್ತಿದ್ದ. ಚಳಿಗಾಲದ ಹೊತ್ತಿಗೆ ನಾನು ಬುಧವಾರವೂ ಹೋಗುತ್ತಿದ್ದೆ. ಬುಧವಾರ ನನ್ನನ್ನು ನೋಡುವವರು ಯಾರೂ ಇರಲಿಲ್ಲ. ಅವನ ಅಂಗಡಿಯಲ್ಲಿ ಒಂದು ಸ್ಟೂಲಿನ ಮೇಲೆ ಕೂತು, ಅವನು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಗಡಿಯಾರ ಬಿಚ್ಚುವುದನ್ನು ನೋಡುತ್ತಿದ್ದೆ. ಯಾಕಪ್ಪ ಬಂದೆ ನಾನು ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ಮುಂದಿನ ಬುಧವಾರ ಮತ್ತೆ ಹೋಗುತ್ತಿದ್ದೆ.

ಹೀಗಿರುವಾಗ ಈ ವರ್ಷ, ಈಸ್ಟರಿಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರದ ಹಿಂದಿನ ಗುರುವಾರ, ತಬೀಥಾ ಬೆಳಿಗ್ಗೆ ಎದ್ದವಳು "ರೀ, ಲಗೂನ ಏಳ್ರಿ" ಎಂದು ನನ್ನ ಭುಜ ಅಲುಗಿಸಿದಳು. ಎದ್ದು ನೋಡಿದರೆ ಪೂರ್ವದಲ್ಲಿ ಬಾಗಿಲಿಲ್ಲ. ನಾನು ಒಡೆದ ಕಂಡಿ ಇದ್ದಲ್ಲಿ ಗೋಡೆ, ಗೋಡೆಯ ಮೇಲೆ ಹಳೆಯ ಕಾಲದ ಮಸಿ. ಉತ್ತರದಲ್ಲಿ ಬೀದಿಯ ಬೆಳಕು ಒಳಗೆ ಬರುತ್ತಿತ್ತು. ನನ್ನ ಮದುವೆಯಾದಾಗ ಎಲ್ಲಿತ್ತೋ ಅಲ್ಲೇ, ಕೂದಲೆಳೆಯಷ್ಟೂ ಅತ್ತಿತ್ತ ಇಲ್ಲದೆ, ಕಂಡಿ ತೆರೆದುಕೊಂಡಿತ್ತು. ನಾನು ತುಂಬಿದ ಕಲ್ಲು, ಮೆತ್ತಿದ ಗಾರೆ ಏನಾಯಿತೋ ಗೊತ್ತಿಲ್ಲ. ನಾನು ಹೋಗಿ ಆ ಕಂಡಿಯ ಅಂಚನ್ನು ಬೆರಳಿನಿಂದ ಸವರಿ ನೋಡಿದೆ.

ನಮ್ಮೂರಿನಲ್ಲಿ ಬಾಗಿಲು ಮುಂದಕ್ಕೆ ಹೋಗಿದ್ದುಂಟು, ಹಿಂದಿನ ಜಾಗಕ್ಕೆ ಬಂದದ್ದಿಲ್ಲ. ದೆಬೋರಮ್ಮನದು ಸಹ ನಾಲ್ಕನೆಯ ಸಲ ಮೊದಲಿದ್ದ ಗೋಡೆಗೇ ಬಂದರೂ ಎರಡು ಗಜ ಆಚೆ ಬಂದಿತ್ತು. ಮಧ್ಯಾಹ್ನದ ಹೊತ್ತಿಗೆ ಜೀವರತ್ನ ಅಯ್ಯನವರು ಬಂದರು. ವಯಸ್ಸಿನಲ್ಲಿ ಚಿಕ್ಕವರು, ನಮ್ಮ ಸಭೆಗೆ ಬಂದು ಎರಡು ವರ್ಷ. ಅವರ ಜೊತೆ ಸಭಾ ಹಿರಿಯರಾದ ಎಲೀಯಾಜರ ಮಾಸ್ತರರು ಕೋಲೂರಿಕೊಂಡು ಬಂದರು. ಸುದ್ದಿ ಕೇಳಿ ಸೀಲಾಸನೂ ಅಂಗಡಿ ಮುಚ್ಚಿ ಬಂದಿದ್ದ.

ಮಾಸ್ತರರು ಕೋಲಿನಿಂದ ಉತ್ತರದ ಹೊಸ್ತಿಲನ್ನು ತಟ್ಟಿ ನೋಡಿದರು. "ನೆಹೆಮೀಯ, ಎಂಬತ್ತು ವರ್ಷದಾಗ ನಾ ಇಂಥಾದ್ದು ನೋಡಿಲ್ಲ. ಏನ್ ಮಾಡೀದಿ ಹೇಳು."

"ಏನೂ ಮಾಡಿಲ್ರಿ ಮಾಸ್ತರ."

"ಏನೂ ಮಾಡಲಾರದs ಬಾಗಲಾ ತಿರುಗಿ ಬರತೈತೇನು? ದೇವರ ದಾರಿ ಬಿಟ್ಟು ಹಿಂದಕ್ಕ ಬಿದ್ದಿ ನೀನು. ಒಪ್ಪಿಕೋ."

ನಾನು ಅಯ್ಯನವರ ಮುಖ ನೋಡಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ನನಗೂ ಗೊತ್ತಾಗವಲ್ದು ಅಣ್ಣಾರ" ಎಂದರು. "ಹಿಂದಕ್ಕ ಬಂದೈತಿ ಅಂದ್ರ ಬಿದ್ದಾರ ಅಂತನs ಅರ್ಥ ಏನು, ನನಗ ಖಾತ್ರಿ ಇಲ್ಲ. ಪ್ರಾರ್ಥನಾ ಮಾಡೂಣು."

"ತಿಳಿಯೂತನಕ ಆಂವ ಕರ್ತನ ಮೇಜಿಗೆ ಬಂದು ರೊಟ್ಟಿ, ದ್ರಾಕ್ಷಾರಸ ತಗೋಬಾರದು," ಎಂದರು ಮಾಸ್ತರರು. "ಈಸ್ಟರಿಗೂ ಬರಬಾರದು. ಕಟ್ಟಳೆ ಅಂದ್ರ ಕಟ್ಟಳೆ."

ಆಗ ಸೀಲಾಸ ಮುಂದೆ ಬಂದ. ಅವನು ಹಿರಿಯರೆದುರು ದನಿ ಎತ್ತಿದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. "ನಮ್ಮಣ್ಣ ಬಿದ್ದಿಲ್ರಿ. ಬಾಗಲಾ ಏನರs ಹೇಳ್ಲಿ. ಒಂದು ವರ್ಷ ಆತು, ವಾರಕ್ಕೆರಡು ಸಲ ನನ್ನ ಮನೀಗೆ ಬರ್ತಾನ. ನನ್ನ ಕ್ಷಮಿಸ್ಯಾನ. ಆಂವ ಮೇಜಿಗೆ ಬರಬಾರದಾದ್ರ ನಾನೂ ಬರೂದಿಲ್ಲ, ಸಭೆಯ ಪಟ್ಟಿಯಾಗಿಂದ ನನ್ನ ಹೆಸರೂ ತಗೀರಿ." ಹೀಗೆಂದವನೇ ಯಾರ ಉತ್ತರಕ್ಕೂ ಕಾಯದೆ ಹೊರಟುಹೋದ.

ಅವರೆಲ್ಲ ಹೋದ ಮೇಲೆ ನಾನು ತಬೀಥಾಗೆ ಎಲ್ಲ ಹೇಳಿಬಿಟ್ಟೆ. ಹಾರೆ, ಸುಣ್ಣ, ಮಸಿ, ಒಂದನ್ನೂ ಬಿಡಲಿಲ್ಲ. ಅವಳು ಕೇಳುತ್ತ ಕೇಳುತ್ತ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ಅಂದ್ರ ಒಂದು ವರ್ಷ ನಾ ದಿನಾ ಮುಂಜಾನೆ ಆ ಬಾಗಲದ ಮುಂದ ಮೊಣಕಾಲೂರಿದ್ದು ನಿಮ್ಮ ಸುತ್ತಿಗಿ ಕೆಲಸಕ್ಕ?"

"ಹೌದು."

"ದೇವರಿಗೆ ಸ್ತೋತ್ರ ಅಂತ ತವರಿಗೆ ಕಾಗದ ಬರದೆ! ನನ್ನ ತಂಗಿ ಅದನ್ನ ಸಭೆಯಾಗ ಓದಿಸ್ಯಾಳ!" ಎಂದು ಹಣೆ ಹಣೆ ಬಡಿದುಕೊಂಡಳು. ಅತ್ತಳು, ಬೈದಳು, ನಡುವೆ ಒಂದು ಸಲ ನಕ್ಕೂಬಿಟ್ಟಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಉತ್ತರದ ಕಂಡಿಯನ್ನು ಬಹಳ ಹೊತ್ತು ನೋಡಿ, "ಮತ್ತ ಇದು? ಇದನ್ನ ಯಾರು ಒಡದ್ರು?" ಎಂದಳು.

"ನಾನಲ್ಲ, ಆಣೆ ಮಾಡ್ತೀನಿ."

"ಹಂಗಾದ್ರ ತಿರುಗಿದ್ದು ಯಾರು? ನೀವೋ, ನಾನೋ? ನಾನಂತೂ ಅಲ್ಲ. ನಿಮ್ಮ ಮ್ಯಾಲ ಈಗ ಬಂದಿರೂ ಸಿಟ್ಟು ನೋಡಿದ್ರ ನಾ ಏನೂ ತಿರುಗಿಲ್ಲ."

ಇದೇ ನನ್ನ ತಲೆ ಕೆಡಿಸಿದ್ದು. ನನ್ನ ಕಳ್ಳ ಕೆಲಸವನ್ನು ದೇವರು ಕಿತ್ತು ಬಿಸಾಕಿ ಇದ್ದದ್ದನ್ನು ಇದ್ದಲ್ಲೇ ಇಟ್ಟರೇ? ಹಾಗಿದ್ದರೆ ಇದು ಶಿಕ್ಷೆ, ಮಾಸ್ತರರು ಹೇಳಿದ್ದೇ ಸರಿ. ಅಥವಾ ಈ ಒಂದು ವರ್ಷದಲ್ಲಿ ನನಗೆ ಗೊತ್ತಾಗದ ಹಾಗೆ ನಾನು ತಿರುಗಿಬಿಟ್ಟೆನೇ? ತಿರುಗಿದವನಿಗೆ ತಿರುಗಿದ್ದು ಗೊತ್ತಾಗುವುದಿಲ್ಲವೇ? ಎಷ್ಟೋ ಜನರ ಸಾಕ್ಷಿ ಕೇಳಿದ್ದೇನೆ, ಎಲ್ಲರಿಗೂ ಬೆಳಕು ಕಂಡಿತಂತೆ, ಎದೆ ಹಗುರಾಯಿತಂತೆ. ನನ್ನ ಎದೆ ಹಗುರಾಗಿರಲಿಲ್ಲ. ಬೆಳಿಗ್ಗೆಯಿಂದ ಅದರ ಮೇಲೆ ಕಲ್ಲು ಹೇರಿದ ಹಾಗಿತ್ತು. ಅಯ್ಯನವರ ಹತ್ತಿರ ಹೋಗಿ ಎಲ್ಲ ಹೇಳಿ, "ನಾ ತಿರುಗೀನೋ ಇಲ್ಲೋ ನೀವs ಹೇಳ್ರಿ" ಎಂದು ಕೇಳೋಣ ಎಂದು ಅಂಗಿ ಹಾಕಿಕೊಂಡೆ.

ತಬೀಥಾ ಅಡ್ಡ ನಿಂತಳು. "ಅಯ್ಯನವರ ಕಡೆ ಆಮ್ಯಾಲ ಹೋಗ್ರಿ. ಬಾಗಲದ ಮಾತೂ ಬಿಡ್ರಿ. ನಿಮ್ಮ ಸುಳ್ಳಿನ ಸಲುವಾಗಿ ಆ ಮನಿಶಾ ತನ್ನ ಹೆಸರು ತಗೀರಿ ಅಂದು ಹೋಗ್ಯಾನ. ಆಂವಗ ಮೊದಲು ಹೇಳ್ರಿ."

ನನಗೆ ಆಗ ಹುಟ್ಟಿದ ಭಯ ಎಂಥದ್ದೆಂದು ಹೇಳಲೇಬೇಕು. ಸಭೆಯ ಎದುರು ಮಾನ ಹೋದರೆ ಹೋಗಲಿ, ಬೇಕಾದರೆ ಊರೆಲ್ಲ ನಗಲಿ. ಆದರೆ ಸೀಲಾಸನಿಗೆ ಹೇಳಿದರೆ ಸೀಲಾಸ ಹೋಗುತ್ತಾನೆ. ಭಾನುವಾರ ಹೋಗುತ್ತದೆ, ಬುಧವಾರ ಹೋಗುತ್ತದೆ, ಅವನ ಕಳ್ಳ ನಗು ಹೋಗುತ್ತದೆ. ಹನ್ನೊಂದು ವರ್ಷ ಅವನಿಲ್ಲದೆ ಇದ್ದವನು ನಾನು; ಈಗ ಒಂದು ವಾರ ಇರಲಾರೆ ಅನ್ನಿಸಿತು. ಹೇಳದಿದ್ದರೆ ಅವನು ನನ್ನ ಸುಳ್ಳಿನ ಜೊತೆಗೇ ಸಭೆಯಿಂದ ಹೊರಗೆ ನಿಲ್ಲುತ್ತಾನೆ. ಎರಡು ಸಲ ಬೀದಿಯ ತುದಿಯವರೆಗೆ ಹೋಗಿ ತಿರುಗಿ ಬಂದೆ. ಮೂರನೆಯ ಸಲ ತಬೀಥಾ ಕಂಡಿಯಲ್ಲೇ ಕೂತಿದ್ದಳು, ಒಳಗೆ ಬರಲು ಜಾಗ ಬಿಡಲಿಲ್ಲ.

ಸೀಲಾಸ ಅಂಗಡಿಯಲ್ಲಿ ಒಂದು ಗೋಡೆ ಗಡಿಯಾರ ಬಿಚ್ಚಿಕೊಂಡು ಕೂತಿದ್ದ. ಅಂಗಡಿಯ ಹಿಂದೆಯೇ ಅವನ ಮನೆ. ನನ್ನನ್ನು ನೋಡಿ, "ಬಾ ಅಣ್ಣಾ, ಮಾಸ್ತರರ ಮಾತಿಗೆ ತಲಿ ಕೆಡಿಸ್ಕೋಬ್ಯಾಡ" ಎಂದ. ನಾನು ಸ್ಟೂಲಿನ ಮೇಲೆ ಕೂರಲಿಲ್ಲ. ನಿಂತೇ ಹೇಳಿದೆ. ಎಲ್ಲ ಹೇಳಿದೆ. ಬಾಗಿಲು ನಾನೇ ಒಡೆದದ್ದು, ಸಾಕ್ಷಿ ಬಾಯಿಪಾಠ ಮಾಡಿದ್ದು, ಮೊದಲ ಎಷ್ಟೋ ಭಾನುವಾರ ಜನರಿಗೆ ಕಾಣಲೆಂದೇ ಬಂದದ್ದು.

ಸೀಲಾಸ ಕಣ್ಣಿನಿಂದ ಮಸೂರ ತೆಗೆದು ಮೇಜಿನ ಮೇಲಿಟ್ಟ. "ಅಂದ್ರ ಅವತ್ತು ನೀ ನನ್ನ ಕ್ಷಮಿಸಿರ್ಲಿಲ್ಲ."

"ಇಲ್ಲ."

"ಆಮ್ಯಾಲ?"

"ಗೊತ್ತಿಲ್ಲೋ ತಮ್ಮಾ. ದೇವರಾಣೆ ಗೊತ್ತಿಲ್ಲ. ನಿನ್ನ ಬಿಟ್ಟು ಇರಾಕ ಆಗೂದಿಲ್ಲ ಅನ್ನೂದಷ್ಟ ಗೊತ್ತು."

ಅವನು ಬೈಯುತ್ತಾನೆ, ಹೊರಗೆ ಹೋಗು ಅನ್ನುತ್ತಾನೆ ಎಂದು ನಾನು ಕಾದೆ. ಅವನು ಬಿಚ್ಚಿದ ಗಡಿಯಾರವನ್ನು ಮೇಜಿನ ಪಕ್ಕಕ್ಕೆ ಸರಿಸಿದ.

"ಅವತ್ತು ಸಭೆಯಾಗ ನಿನ್ನ ಕೈ ಹಿಡಿದಾಗ ನಾ ಒಂದು ಮಾತು ಹೇಳಾಕ ಬಂದಿದ್ದೆ," ಎಂದ. "ಖರೇನ ಬಂದಿದ್ದೆ. ಆದ್ರ ನೀ ಎಲ್ಲಾರ ಮುಂದ ಕ್ಷಮಿಸೇಬಿಟ್ಟಿದ್ದಿ. ಕ್ಷಮಾ ಸಿಕ್ಕ ಮ್ಯಾಲ ಹೇಳಿ ಏನ್ ಮಾಡೂದು ಅಂತ ನುಂಗಿಕೊಂಡೆ. ಒಂದು ವರ್ಷದಿಂದ ಅದು ನನ್ನ ತಿನ್ನಾಕತ್ತೈತಿ. ನಿನ್ನ ಸುಳ್ಳು ನೀ ಹೇಳೀದಿ. ಈಗ ನಂದು ಕೇಳು." ಅವನು ಎದ್ದು ನಿಂತ. "ಅಪ್ಪ ಬ್ಯಾಡ ಅಂದಿರ್ಲಿಲ್ಲ."

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ.

"ಎರಡೂ ದಿವಸ ನಿನ್ನ ಹೆಸರು ಹಿಡಿದು ಕರದ. ನೆಮ್ಯಾ ಬಂದನೇನು, ನೆಮ್ಯಾ ಬಂದನೇನು ಅಂತ. ನಾ ಹೂಂ, ಹೇಳಿ ಕಳಿಸೀನಿ, ಬರಾಕತ್ತಾನ ಅಂದೆ. ಯಾರನ್ನೂ ಕಳಿಸಿರ್ಲಿಲ್ಲ. ಹುಟ್ಟಿದಾಗಿಂದ ಅಪ್ಪಗ ನೀನs ಮೊದಲು. ಸಾಯೂ ಮುಂದರೆ ಎರಡು ದಿವಸ ಅಪ್ಪ ನನ್ನೊಬ್ಬನವನs ಆಗಿರ್ಲಿ ಅನ್ನಿಸ್ತು. ಅಷ್ಟ. ಆ ಎರಡು ದಿವಸಾನೂ ಆಂವ ನಿನ್ನನ್ನs ಕೇಳಿಕೋತ ಹೋದ." ಅವನು ತಲೆ ಎತ್ತಿ ನನ್ನನ್ನೇ ನೋಡಿದ. "ಈಗ ಹೇಳಣ್ಣಾ. ಕ್ಷಮಿಸ್ತೀ ಏನು?"

ನನ್ನ ಕೈ ತಾನಾಗಿಯೇ ಮೇಜಿನ ಮೇಲಿದ್ದ ಗಡಿಯಾರದ ಮೇಲೆ ಹೋಯಿತು. ಅದನ್ನು ಎತ್ತಿ ಅವನ ಎದೆಗೆ ಬೀಸಬೇಕು ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಹನ್ನೆರಡು ವರ್ಷ ಅಪ್ಪನಿಗೆ ನಾನು ಬೇಡವಾಗಿದ್ದೆನೇನೋ ಎಂದು ಒಳಗೇ ಕೊಳೆತಿದ್ದೆ. ಅಪ್ಪ ಕರೆದಿದ್ದರು. ಮೂರು ತಾಸಿನ ದಾರಿಯಾಚೆ ನಾನು ಯಾರದೋ ಚಾವಣಿಗೆ ಮೊಳೆ ಹೊಡೆಯುತ್ತಿದ್ದೆ. ಸಿಟ್ಟು ಬಂತು, ಸಂತೋಷವೂ ಬಂತು, ಎರಡೂ ಒಟ್ಟಿಗೇ ಬಂದವು. ಕ್ಷಮಿಸಿದೆ ಅನ್ನುವ ಮಾತು ನನಗೆ ಬಾಯಿಪಾಠ ಇತ್ತು. ಈಗ ಅದು ಬಾಯಿಗೆ ಬರಲಿಲ್ಲ.

"ಇಲ್ಲ," ಎಂದೆ.

ಅವನು ತಲೆಯಾಡಿಸಿದ. ಮೇಜಿನ ಹಿಂದಿನಿಂದ ಈಚೆ ಬಂದು ಅಂಗಡಿಯ ಬಾಗಿಲಿನಿಂದ ಸರಿದು ನಿಂತ, ನಾನು ಹೋಗಲಿ ಎಂದು. ನಾನು ಬಾಗಿಲನ್ನು ನೋಡಿದೆ. ಆಮೇಲೆ ಸ್ಟೂಲನ್ನು ಕಾಲಿನಿಂದ ಎಳೆದುಕೊಂಡು ಕೂತೆ.

"ಕ್ಷಮಿಸಿಲ್ಲ," ಎಂದೆ. "ಕ್ಷಮಿಸ್ತೀನೋ ಇಲ್ಲೋ ಅದೂ ಗೊತ್ತಿಲ್ಲ. ಆದ್ರ ಆ ಎರಡು ದಿವಸ ನನಗ ಬೇಕು. ಕೂಡು ಇಲ್ಲೆ. ಮೊದಲಿಂದ ಹೇಳು. ಒಂದು ಮಾತೂ ಬಿಡಬ್ಯಾಡ."

ಸೀಲಾಸ ನನ್ನ ಎದುರು ನೆಲದ ಮೇಲೇ ಕೂತುಕೊಂಡ. ನಾನು ಕಾದೆ.

"ಸೋಮವಾರ ಮುಂಜಾನೆ," ಎಂದು ಶುರು ಮಾಡಿದ, "ಅಪ್ಪ ಗಂಜಿ ಕೇಳಿದ. ಯೂನಿಕೆ ಮಾಡಿ ತಂದ್ಳು. ಅರ್ಧಾ ಬಟ್ಟಲ ಕುಡದು ಸಾಕಂದ. ಉಳದದ್ದು ನೆಮ್ಯಾಗ ಮುಚ್ಚಿಡು, ನಡಕೋತ ಬರ್ತಾನ, ಹಸದಿರ್ತಾನ ಅಂದ."